ಚಂದ್ರಮುಖಿ 2 ಯಾಕೆ ಹೆದರಿಸಲಿಲ್ಲ? ಹಾಗಾದರೆ ಆಪ್ತರಕ್ಷಕ ಹೇಗೆ ಗೆದ್ದಿತು? (ಕಥೆ ಪೂರ್ತಿ ಬಯಲಾಗುತ್ತದೆ, ನೋಡದವರು ಮುಂದೆ ಓದಬೇಡಿ)

ವಾಡೆಹುಡುಗ, ಹಾವೇರಿ

2023ರ ಸೆಪ್ಟೆಂಬರ್ 28ಕ್ಕೆ ಚಂದ್ರಮುಖಿ 2 ಬಂದಾಗ ನೋಡಿದವರೆಲ್ಲ ಬೈದರು. ಹಾಗಾಗಿ ನಾನು ಥಿಯೇಟರ್ ಕಡೆ ಹೋಗಲೇ ಇಲ್ಲ. ಮೊನ್ನೆ ಮನೆಯಲ್ಲಿ ಕೂತು ನೋಡಿದೆ. ಬೈದಿದ್ದು ಸರಿಯಾಗಿಯೇ ಇದೆ. ಆದರೆ ಅವರು ಕೊಟ್ಟ ಕಾರಣಗಳು ನನಗೆ ಅಷ್ಟು ಒಪ್ಪಿಗೆ ಆಗಲಿಲ್ಲ. ರಜನಿಕಾಂತ್ ಇಲ್ಲ, ಲಾರೆನ್ಸ್‌ಗೆ ಆ ಗತ್ತು ಬರಲ್ಲ, ಕಂಗನಾ ಜ್ಯೋತಿಕಾ ಅಲ್ಲ, ಗ್ರಾಫಿಕ್ಸ್ ಸಪ್ಪೆ. ಎಲ್ಲ ನಿಜ. ರಜನಿ ಇದ್ದಿದ್ದರೆ ಹಣ ಬರುತ್ತಿತ್ತು, ಭಯ ಬರುತ್ತಿರಲಿಲ್ಲ.

ಈ ಕಥೆಯ ಮೂಲ 1993ರ ಮಲಯಾಳಂ ಸಿನಿಮಾ ಮಣಿಚಿತ್ರತಾಳು, ಫಾಝಿಲ್ ನಿರ್ದೇಶನ. ಅದರಿಂದ ನಮ್ಮ ಆಪ್ತಮಿತ್ರ ಬಂತು, 2004ರಲ್ಲಿ. ಮರುವರ್ಷ ತಮಿಳಿನ ಚಂದ್ರಮುಖಿ. ಎರಡಕ್ಕೂ ಪಿ. ವಾಸು ಅವರೇ ನಿರ್ದೇಶಕರು. 2007ರಲ್ಲಿ ಹಿಂದಿಯ ಭೂಲ್ ಭುಲಯ್ಯಾ. ಊರು, ಭಾಷೆ ಬದಲಾದರೂ ಒಳಗಿನ ಹೂರಣ ಬದಲಾಗಲಿಲ್ಲ. ಬೀಗ ಹಾಕಿದ ಒಂದು ಕೋಣೆ. ಅಲ್ಲಿ ಹಿಂದೆಂದೋ ಸತ್ತ ಒಬ್ಬ ನರ್ತಕಿಯ ಕಥೆ. ಆ ಕಥೆಯನ್ನು ತನ್ನದೇ ಅಂದುಕೊಂಡುಬಿಡುವ ಒಬ್ಬ ಹೆಣ್ಣುಮಗಳು. ದೆವ್ವ ಅನ್ನೋದು ಎಲ್ಲೂ ಇಲ್ಲ. ಮನೆಯವರೆಲ್ಲ ಕತ್ತಲೆ ಕಡೆ ನೋಡುತ್ತಾ ಇರುತ್ತಾರೆ, ಕಾಯಿಲೆ ಅವರ ಜೊತೆಯಲ್ಲೇ ಊಟಕ್ಕೆ ಕೂತಿರುತ್ತದೆ. ನನಗೆ ಹೆದರಿಕೆ ಆಗಿದ್ದು ಅದಕ್ಕೇ.

ಎರಡನೇ ಭಾಗದಲ್ಲಿ ದೆವ್ವವನ್ನು ನಿಜ ಮಾಡಿಬಿಟ್ಟರು. ಅದೂ ಒಂದಲ್ಲ, ಎರಡು. ಸಾಲದ್ದಕ್ಕೆ ಆ ನರ್ತಕಿಯನ್ನು ಕೊಂದ ವೇಟ್ಟೈಯನ್ ರಾಜ ರಾಜನೇ ಅಲ್ಲ, ರಾಜನನ್ನು ಕೊಂದು ಪಟ್ಟಕ್ಕೆ ಬಂದ ಸೇನಾಪತಿ ಅಂತ ಹೊಸ ಕಥೆ. ದೆವ್ವ ಎದುರಿಗೇ ಬಂದು ಕತ್ತಿ ಹಿಡಿದು ನಿಂತರೆ ಅದು ಬರೀ ಫೈಟ್ ಸೀನ್. ಫೈಟ್ ನೋಡಿ ಯಾರು ಹೆದರುತ್ತಾರೆ?

ನಿಮಗೇನನ್ನಿಸಿತು?

ಗಿರ್ಮಿಟ್ ಗೆಳೆಯ, ಹುಬ್ಬಳ್ಳಿ

ನೀನು ಮನೆಯಲ್ಲಿ ಪುಕ್ಕಟೆ ನೋಡಿ ಇಷ್ಟು ಬರೆದಿದ್ದೀಯ. ನಾನು ದುಡ್ಡು ಕೊಟ್ಟು ಮಲ್ಟಿಪ್ಲೆಕ್ಸ್‌ನಲ್ಲಿ ನೋಡಿದವನು ದೋಸ್ತ. ನನ್ನ ಸಂಕಟ ಯಾರಿಗೆ ಹೇಳಲಿ?

ಇಂಟರ್ವಲ್ ತನಕ ಕಂಗನಾ ಮುಖ ಸರಿಯಾಗಿ ಕಾಣಲ್ಲ. ಅಲ್ಲಿವರೆಗೂ ವಡಿವೇಲು ಮೊದಲನೇ ಭಾಗದ್ದೇ ಮುಖ, ಅದೇ ಕೂಗಾಟ. ನಮ್ಮ ಹಿಂದಿನ ಸಾಲಿನಲ್ಲಿ ಒಂದು ಸಣ್ಣ ಹುಡುಗ ಕೂತಿತ್ತು. ದೆವ್ವ ಬಂದಾಗ ನಕ್ಕಿತು, ವಡಿವೇಲು ಬಂದಾಗ ಸುಮ್ಮನಿತ್ತು. ವಿಮರ್ಶೆ ಅಲ್ಲಿಗೆ ಮುಗಿಯಿತು.

ಸಾಹಸಸಿಂಹ ಭಕ್ತ, ಗದಗ

ಶೀರ್ಷಿಕೆಯಲ್ಲಿ ಆಪ್ತರಕ್ಷಕದ ಹೆಸರು ಯಾಕೆ ತಂದಿರಿ ಅಣ್ಣಾರ? ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಅದು ಯಜಮಾನರು ವಿಷ್ಣುವರ್ಧನ್ ಅವರ 200ನೇ ಸಿನಿಮಾ. ಡಾಕ್ಟರ್ ವಿಜಯ್ ಅವರೇ, ರಾಜ ವಿಜಯ ರಾಜೇಂದ್ರ ಬಹದ್ದೂರ್ ಕೂಡ ಅವರೇ. ನಿಮ್ಮ ಚಂದ್ರಮುಖಿ 2ರಲ್ಲಿ ಲಾರೆನ್ಸ್ ಮಾಡಿದ್ದು ಅದರದೇ ನಕಲು.

ವಾಡೆಹುಡುಗ, ಹಾವೇರಿ

ಜಗಳಕ್ಕೆ ತರಲಿಲ್ಲ ಅಣ್ಣ. ನನಗೆ ನಿಜಕ್ಕೂ ಅರ್ಥ ಆಗದ ವಿಷಯ ಅದು. ಆಪ್ತಮಿತ್ರದ ಮುಂದಿನ ಭಾಗವಾದ ಆಪ್ತರಕ್ಷಕದಲ್ಲೂ ನಾನು ಹೇಳಿದ ದೋಷವೇ ಇದೆ. ಡ್ಯಾನ್ಸ್ ಸ್ಪರ್ಧೆಯ ಬಹುಮಾನವಾಗಿ ಆ ಸತ್ತ ನರ್ತಕಿ ನಾಗವಲ್ಲಿಯ ಪಟ ಮನೆಗೆ ಬರುತ್ತದೆ, ಪಟದ ಹಿಂದೆ ಕಾಟವೂ ಬರುತ್ತದೆ. ಕೊನೆಗೆ ನೋಡಿದರೆ ಆ ಹಳೇ ರಾಜ ಇನ್ನೂ ಬದುಕಿಯೇ ಇದ್ದಾನೆ! ನೂರು ವರ್ಷ ದಾಟಿದ ಮನುಷ್ಯ. ಮೊದಲ ಭಾಗದಲ್ಲಿ ಮನೋವೈದ್ಯ ಕಷ್ಟಪಟ್ಟು ಕಟ್ಟಿದ್ದನ್ನೆಲ್ಲ ಎರಡನೇ ಭಾಗ ಕೆಡವಿತು. ಆದರೂ ಜನ ತಲೆ ಮೇಲೆ ಹೊತ್ತುಕೊಂಡರು. ಇಲ್ಲಿ ಅದೇ ಕೆಲಸ ಮಾಡಿದ್ದಕ್ಕೆ ಒದ್ದರು. ಯಾಕೆ?

ಸಾಹಸಸಿಂಹ ಭಕ್ತ, ಗದಗ

ನೀವು ಆಗ ಎಷ್ಟು ಸಣ್ಣವರಿದ್ದಿರೋ ಗೊತ್ತಿಲ್ಲ. 2009ರ ಡಿಸೆಂಬರ್ 30ಕ್ಕೆ ಅವರು ಹೋದರು. ಸಿನಿಮಾ ಬಂದಿದ್ದು 2010ರ ಫೆಬ್ರವರಿ 19ಕ್ಕೆ. ಎರಡು ತಿಂಗಳೂ ಆಗಿರಲಿಲ್ಲ. ನಾವು ಬೆಟಗೇರಿಯಿಂದ ಒಂದು ಗುಂಪೇ ಹೋಗಿದ್ದೆವು. ಕಟೌಟ್‌ಗೆ ಹಾರ ಹಾಕಿದ್ದರು. ಆ ಹಾರ ಹುಟ್ಟುಹಬ್ಬದ್ದೋ ತಿಥಿಯದ್ದೋ ಅಂತ ನೋಡಿದವರಿಗೇ ತಿಳಿಯುತ್ತಿರಲಿಲ್ಲ. ಕೆಲವರು ಹಾಲು ಸುರಿಯುತ್ತಿದ್ದರು, ಕೆಲವರು ಅಳುತ್ತಿದ್ದರು. ಒಳಗೆ ಅವರು ಕುದುರೆ ಮೇಲೆ ಬಂದಾಗ ಒಂದು ಕ್ಷಣ ಶಿಳ್ಳೆಯೇ ಬರಲಿಲ್ಲ. ಆಮೇಲೆ ಥಿಯೇಟರ್ ಹಾರಿಹೋಗುವ ಹಾಗೆ ಬಂತು. ಅಂಥಾ ಹೊತ್ತಿನಲ್ಲಿ ರಾಜನಿಗೆ ವಯಸ್ಸೆಷ್ಟು ಅಂತ ಲೆಕ್ಕ ಹಾಕಲಿಕ್ಕೆ ಯಾರಿಗೆ ಮನಸ್ಸಿತ್ತು?

ತೆರೆ ಮೇಲೆ ಒಬ್ಬ ಮನುಷ್ಯ ಸಾಯುವುದೇ ಇಲ್ಲ ಅಂತ ತೋರಿಸುತ್ತಿದ್ದರು. ನಮಗೆ ಅದೇ ಬೇಕಾಗಿತ್ತು. ಇಷ್ಟು ಸಾಕಲ್ಲ?

ಸಪ್ತಾಪುರ, ಧಾರವಾಡ

ಭಕ್ತರ ಮಾತು ಓದಿ ಮನಸ್ಸು ಭಾರ ಆಯಿತು. ಆದರೆ ಅವರು ಹೇಳಿದ್ದರಲ್ಲೇ ಉತ್ತರ ಇದೆ. ಅಂದು ಜನ ಗೆಲ್ಲಿಸಿದ್ದು ಕಥೆಯನ್ನಲ್ಲ.

ಅನುಮಾನ ಇದ್ದರೆ ತೆಲುಗಿನ ನಾಗವಲ್ಲಿ ನೋಡಿ. ಆಪ್ತರಕ್ಷಕದ್ದೇ ಕಥೆ. ನಿರ್ದೇಶಕರೂ ಅದೇ ವಾಸು. ಬಂದ ವರ್ಷವೂ ಅದೇ 2010. ವೆಂಕಟೇಶ್ ನಾಯಕ, ಅನುಷ್ಕಾ ಶೆಟ್ಟಿ ನಾಗವಲ್ಲಿ. ಏನು ಕಡಿಮೆ ಆಗಿತ್ತು? ಆದರೂ ಓಡಲಿಲ್ಲ. ತೆಲುಗಿನವರು ವಿಷ್ಣುವರ್ಧನ್ ಅವರನ್ನು ಕಳಕೊಂಡಿರಲಿಲ್ಲ, ಹಾಗಾಗಿ ಅವರು ಬರೀ ಸಿನಿಮಾ ನೋಡಿದರು. ನೋಡಿದ ಮೇಲೆ ಇದರಲ್ಲಿ ಏನಿದೆ ಅಂತ ಎದ್ದು ಹೋದರು.

ಅಲ್ಲಿಗೆ 13 ವರ್ಷ ಆದ ಮೇಲೆ ಚಂದ್ರಮುಖಿ 2ರಲ್ಲಿ ಆಗಿದ್ದೂ ಅದೇ. ನನಗಂತೂ ಅಚ್ಚರಿ ಆಗಲಿಲ್ಲ.

ಸಾಹಸಸಿಂಹ ಭಕ್ತ, ಗದಗ

ಸತ್ತರು ಅಂತ ಓಡಿತು ಅನ್ನುತ್ತೀರಾ? ಸ್ವಲ್ಪ ನೋಡಿ ಮಾತಾಡಿ ಸರ್ರ. ಸಿನಿಮಾ ಚೆನ್ನಾಗಿಲ್ಲದಿದ್ದರೆ ಜನ ಒಂದು ವಾರ ಬಂದು ಕೈ ಮುಗಿದು ಹೋಗುತ್ತಿದ್ದರು. ಇದು ಅದಕ್ಕಿಂತ ಜಾಸ್ತಿ ದಿನ ನಿಂತಿತು. ಆ ರಾಜನ ಪಾತ್ರದ ನಗು, ನಡಿಗೆ, ಕಣ್ಣು, ಅದನ್ನು ವೆಂಕಟೇಶ್ ಆಗಲಿ ಲಾರೆನ್ಸ್ ಆಗಲಿ ತಂದರಾ? ಇಲ್ಲ. ಅಷ್ಟೇ ನನ್ನ ಮಾತು.

ಬಾಲ್ಕನಿ ಸೀಟು, ಹುಬ್ಬಳ್ಳಿ

ತಮ್ಮಗಳಿರಾ, ಇಬ್ಬರೂ ಸಿಟ್ಟಾಗಬೇಡಿ. ನಾನು ಸುಧಾ, ಅಪ್ಸರಾ ಥಿಯೇಟರ್‌ಗಳಲ್ಲಿ ಅರ್ಧ ಆಯುಷ್ಯ ಕಳೆದವನು. ಒಂದು ವಿಷಯ ಎಲ್ಲರೂ ಮರೆತಿದ್ದೀರಿ. ಆಪ್ತಮಿತ್ರವೂ ಸಾವಿನ ನೆರಳಿನಲ್ಲೇ ಬಂದ ಸಿನಿಮಾ. ಸೌಂದರ್ಯ ವಿಮಾನ ಅಪಘಾತದಲ್ಲಿ ಹೋಗಿದ್ದು 2004ರ ಏಪ್ರಿಲ್ 17. ಸಿನಿಮಾ ತೆರೆಗೆ ಬಂದಿದ್ದು ಆ ವರ್ಷದ ಆಗಸ್ಟ್‌ನಲ್ಲಿ.

ಆ ಮಂಚದ ಸೀನ್ ನೆನಪಿದೆಯಾ? ಸೌಂದರ್ಯ ಮಾಡಿದ ಗಂಗಾ ಹೊರಗೆ ಹೊರಟಿರುತ್ತಾಳೆ. ಗಂಡ ಬೇಡ ಅನ್ನುತ್ತಾನೆ. ಮೊದಲು ಸಾದಾ ಹೆಂಡತಿಯ ಸಿಟ್ಟು, ನಮ್ಮ ಮನೆಗಳಲ್ಲಿ ಇರುವಷ್ಟೇ. ಆಮೇಲೆ ದನಿ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ. ಕಣ್ಣು ಅಗಲ ಆಗುತ್ತದೆ. ಒಂದು ಕೈಯಲ್ಲಿ ಮಂಚ ಎತ್ತುತ್ತಾಳೆ. ಗಂಡ ಗದರಿದ ಕೂಡಲೇ ಏನೂ ಆಗದವಳ ಹಾಗೆ ತಿರುಗಿ ಗಂಗಾ ಆಗುತ್ತಾಳೆ. ತಾನು ಏನು ಮಾಡಿದೆ ಅಂತ ಆಕೆಗೇ ಗೊತ್ತಿಲ್ಲ. ಗ್ರಾಫಿಕ್ಸ್ ಇಲ್ಲ, ಹೊಗೆ ಇಲ್ಲ, ಸುಯ್ ಅನ್ನುವ ಗಾಳಿ ಇಲ್ಲ. ಹಗಲು ಬೆಳಕಿನ ಸಂಸಾರದ ಸೀನ್ ಅದು. ಬಾಲ್ಕನಿಯಲ್ಲಿ ನನ್ನ ಪಕ್ಕ ಕೂತಿದ್ದ ಅಮ್ಮನೊಬ್ಬರು 'ಅಯ್ಯೋ ಕೂಸೇ' ಅಂದರು. ಸೌಂದರ್ಯಗೆ ಅಂದರೋ ಗಂಗಾಗೆ ಅಂದರೋ, ದೇವರಿಗೇ ಗೊತ್ತು.

ಆದರೆ ಆ ಸೀನ್ ಸಾವನ್ನು ನಂಬಿಕೊಂಡು ನಿಂತಿಲ್ಲ. ಮಲಯಾಳದಲ್ಲಿ ಶೋಭನಾ ಅದನ್ನೇ ಮಾಡಿ ರಾಷ್ಟ್ರಪ್ರಶಸ್ತಿ ತಗೊಂಡರು. ತಮಿಳಿನಲ್ಲಿ ಜ್ಯೋತಿಕಾ ಗೆದ್ದರು, ಹಿಂದಿಯಲ್ಲಿ ವಿದ್ಯಾ ಬಾಲನ್ ಗೆದ್ದರು. ಯಾರು ಮಾಡಿದರೂ ನಿಲ್ಲುತ್ತದೆ. ಯಾಕೆಂದರೆ ಬರವಣಿಗೆ ಗಟ್ಟಿ. ಚಂದ್ರಮುಖಿ 2ರಲ್ಲಿ ಅಂಥ ಒಂದು ಸೀನ್ ಹೇಳಿ ನೋಡೋಣ. ಲಕ್ಷ್ಮಿ ಮೆನನ್ ಮೈಮೇಲೆ ಬರುತ್ತದೆ, ಕಿರುಚುತ್ತಾರೆ, ಹೌದು. ಆದರೆ ಅದಕ್ಕೂ ಮುಂಚೆ ಆ ಹುಡುಗಿ ಯಾರು, ಏನು ಯೋಚಿಸುತ್ತಾಳೆ, ಯಾವುದಕ್ಕೆ ಅಳುತ್ತಾಳೆ, ನಮಗೆ ಏನಾದರೂ ಗೊತ್ತಿತ್ತಾ? ಗುರುತೇ ಇಲ್ಲದವಳು ಬದಲಾದರೆ ನಮಗೆ ಹೇಗೆ ತಿಳಿಯಬೇಕು?

ಗಿರ್ಮಿಟ್ ಗೆಳೆಯ, ಹುಬ್ಬಳ್ಳಿ

ಕಾಕಾ, ಕೊನೇ ಸಾಲಿಗೆ ನನ್ನದೊಂದು ಮಿರ್ಚಿ ಪ್ಲೇಟು. ದುರ್ಗದ ಬೈಲಿಗೆ ಬನ್ನಿ.

ಆದರೆ ವಾಡೆಹುಡುಗನಿಗೆ ಒಂದು ಪ್ರಶ್ನೆ. ದೆವ್ವ ನಿಜ ಮಾಡಿದ್ದೇ ತಪ್ಪು ಅಂದರೆ 2022ರ ಭೂಲ್ ಭುಲಯ್ಯಾ 2 ಹೇಗೆ ಓಡಿತು? ಅಲ್ಲೂ ದೆವ್ವ ಅಪ್ಪಟ ದೆವ್ವವೇ. ಟಬು ಎರಡೆರಡು ಪಾತ್ರ. ಥಿಯೇಟರ್ ತುಂಬಿತ್ತು. ಮೂರನೆಯದೂ ಬಂತು 2024ರಲ್ಲಿ.

ರಾತ್ರಿ ಪಾಳಿ, ಧಾರವಾಡ

ಸಿನಿಮಾ ಚರ್ಚೆಗೆ ನಾನು ಹೊಸಬಳು. ಮಾನಸಿಕ ಆರೋಗ್ಯದ ವಾರ್ಡಿನಲ್ಲಿ ಕೆಲಸ ಮಾಡಿದವಳು, ಆದ್ದರಿಂದ ನಡುವೆ ಬಾಯಿ ಹಾಕುತ್ತಿದ್ದೇನೆ.

ಮೊದಲನೇ ಸಿನಿಮಾವನ್ನು ನೀವೆಲ್ಲ 'ದೆವ್ವ ಇಲ್ಲ, ಕಾಯಿಲೆ' ಅಂತ ಹೊಗಳುತ್ತಿದ್ದೀರಿ. ಖುಷಿ. ಆದರೆ ಅದನ್ನು ಪಾಠ ಅಂತ ತಗೋಬೇಡಿ. ಒಬ್ಬರಲ್ಲಿ ಬೇರೆ ಬೇರೆ ವ್ಯಕ್ತಿತ್ವ ಕಾಣಿಸುವ ಕಾಯಿಲೆ ಇದೆ, ನಿಜ. ಬಹಳ ಸಲ ಅದರ ಹಿಂದೆ ಚಿಕ್ಕಂದಿನಲ್ಲಿ ಆದ ದೊಡ್ಡ ಆಘಾತ ಇರುತ್ತದೆ. ಆದರೆ ಕಲಿಯದ ಭಾಷೆ ಅವರ ಬಾಯಲ್ಲಿ ತಾನಾಗಿ ಬರಲ್ಲ. ಒಂದು ರಾತ್ರಿ ಬೊಂಬೆ ಸುಟ್ಟು ವಾಸಿ ಮಾಡುವುದಂತೂ ಇಲ್ಲವೇ ಇಲ್ಲ. ವರ್ಷಗಟ್ಟಲೆ ಕೂತು ಮಾತಾಡಬೇಕು, ಮನೆಯವರು ಜೊತೆಗೆ ನಿಲ್ಲಬೇಕು.

ಇಷ್ಟಾದರೂ ಆ ಸಿನಿಮಾ ಬಗ್ಗೆ ನನಗೆ ಗೌರವ ಇದೆ. ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರ ಮಾತಾಡಿದರೆ ಸಾಕು, 'ಇವನನ್ನು ಧಾರವಾಡಕ್ಕೆ ಕಳಿಸಬೇಕು' ಅಂತ ನಗುತ್ತಾರೆ. ಇಲ್ಲಿ ಮಾನಸಿಕ ಆಸ್ಪತ್ರೆ ಬ್ರಿಟಿಷರ ಕಾಲದಿಂದ ಇದೆ, ಊರಿನ ಹೆಸರೇ ಬೈಗುಳ ಆಗಿಹೋಗಿದೆ. ಅಂಥ ಕಡೆ, ಹುಬ್ಬಳ್ಳಿಯ ದೊಡ್ಡ ಥಿಯೇಟರ್‌ನಲ್ಲಿ, ವಿಷ್ಣುವರ್ಧನ್ ಅಂಥವರು ಮನೋವೈದ್ಯನಾಗಿ ನಿಂತು 'ಇದು ಕಾಯಿಲೆ, ಈಕೆಯನ್ನು ಉಳಿಸೋಣ' ಅನ್ನುತ್ತಾರೆ. ಅವಿನಾಶ್ ಮಾಡಿದ ಆಚಾರ್ಯರೂ ಆ ಡಾಕ್ಟರ್ ಮಾತು ಕೇಳಿ ಕೈ ಜೋಡಿಸುತ್ತಾರೆ. ಇದು ಸಣ್ಣ ಕೆಲಸ ಅಲ್ಲ.

ಚಂದ್ರಮುಖಿ 2ರಲ್ಲಿ ನನಗೆ ಬೇಸರ ಆಗಿದ್ದು ಇದೇ. ನಾಯಕ ಡಾಕ್ಟರ್ ಅಲ್ಲ. ಕುಲದೇವತೆ ಗುಡಿಯ ಪೂಜೆ ನಿಂತಿದ್ದಕ್ಕೆ ಕಷ್ಟ ಬಂತು, ಪೂಜೆ ಮಾಡಿದರೆ ಹೋಗುತ್ತದೆ, ಅಷ್ಟೇ ಕಥೆ. ಭಕ್ತಿ ಸಿನಿಮಾ ಬೇಡ ಅನ್ನುತ್ತಿಲ್ಲ. ಆದರೆ ಚಂದ್ರಮುಖಿ ಹೆಸರಿಟ್ಟು ಆ ಡಾಕ್ಟರನ್ನೇ ಮನೆಯಿಂದ ಹೊರಗೆ ಹಾಕಿದರೆ ಹೇಗೆ?

ಬಾಲ್ಕನಿ ಸೀಟು, ಹುಬ್ಬಳ್ಳಿ

ಸರಿಯಾಗಿ ಹೇಳಿದಿರಿ ಅಕ್ಕಾರ. ಇನ್ನು ಆ 'ಧಾರವಾಡಕ್ಕೆ ಕಳಿಸು' ಮಾತು ನಮ್ಮ ಮನೆಯಲ್ಲಿ ಬಂದ್.

ವಾಡೆಹುಡುಗ, ಹಾವೇರಿ

ಗಿರ್ಮಿಟ್, ನಿನ್ನ ಪ್ರಶ್ನೆ ಒಳ್ಳೇದೇ. ಭೂಲ್ ಭುಲಯ್ಯಾ 2 ತೆಗೆದವರು ಹೆಸರು ಮತ್ತು ಹಾಡು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಹೊಸ ಹವೇಲಿ, ಹೊಸ ಕುಟುಂಬ, ನಾಯಕ ಒಬ್ಬ ಸುಳ್ಳುಗಾರ. ದೆವ್ವದ ಜೊತೆ ಮಾತಾಡುತ್ತೇನೆ ಅಂತ ಊರಿಗೆಲ್ಲ ಟೋಪಿ ಹಾಕುತ್ತಾನೆ. ಸುಳ್ಳು ದೆವ್ವದ ಮನೆಗೆ ನಿಜ ದೆವ್ವ ಬಂದರೆ ನಗು ಬರಲೇಬೇಕು. ಅವರು ನಗಿಸುತ್ತೇವೆ ಅಂದರು, ನಗಿಸಿದರು. ಚಂದ್ರಮುಖಿ 2ರವರಿಗೆ ಹಳೇ ಅರಮನೆಯೇ ಬೇಕು, ಹಳೇ ಎಚ್ಚರಿಕೆಗಳೇ ಬೇಕು, ಹಳೇ ವಡಿವೇಲು ಬೇಕು, ಆದರೆ ಹಳೇ ಕಥೆ ಬೇಡ.

ಇನ್ನೊಂದು ಮಾತು, ಮನೆಯದು. ನಮ್ಮದು ವಾಡೆ ಇರುವ ಊರು. ವಾಡೆ ಅರ್ಧ ಬಿದ್ದಿದೆ, ಉಳಿದ ಅರ್ಧದಲ್ಲಿ ದೊಡ್ಡಪ್ಪನವರು ಇದ್ದಾರೆ. ತಲೆಬಾಗಿಲು ದಾಟಿದರೆ ಅಂಗಳ, ಆಮೇಲೆ ಪಡಸಾಲೆ, ಅದರ ಹಿಂದೆ ಕತ್ತಲೆ ಕೋಣೆ. ಅಲ್ಲಿಗೆ ಹಗಲಲ್ಲೂ ಕಂದೀಲು ಬೇಕು. ಬೆಳಕಿಂಡಿಯಿಂದ ಬೀಳುವ ಬಿಸಿಲು ಒಂದು ತಟ್ಟೆಯಷ್ಟು. ಮಕ್ಕಳು ಆ ಕಡೆ ಹೋಗಬಾರದು. ಹೋದರೆ ಹಗೇವಿನಲ್ಲಿ (ನೆಲದೊಳಗಿನ ಕಾಳಿನ ಗುಂಡಿಯಲ್ಲಿ) ಇರೋದು ಎಳಕೊಳ್ಳುತ್ತದೆ ಅಂತ ಅಜ್ಜಿ ಹೆದರಿಸುತ್ತಿದ್ದಳು. ದೊಡ್ಡವನಾದ ಮೇಲೆ ಕಾರಣ ತಿಳಿಯಿತು. ಕಾಳು ತುಂಬಿ ತಿಂಗಳುಗಟ್ಟಲೆ ಮುಚ್ಚಿಟ್ಟ ಹಗೇವಿನಲ್ಲಿ ಉಸಿರಾಡುವ ಗಾಳಿ ಇರಲ್ಲ. ಬಾಯಿ ತೆರೆದು ಸುಮ್ನೆ ಇಳಿದರೆ ಮನುಷ್ಯ ಅಲ್ಲೇ ಬೀಳುತ್ತಾನೆ. ಅದಕ್ಕೆ ಮೊದಲು ಹಗ್ಗ ಕಟ್ಟಿ ದೀಪ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯೋ ಹಾಗಿಲ್ಲ. ನೋಡಿ, ಭಯಕ್ಕೆ ಗಟ್ಟಿಯಾದ ಕಾರಣ ಇತ್ತು. ಕಾರಣ ತಿಳಿದ ಮೇಲೂ ನನಗೆ ಆ ಕೋಣೆ ಕಡೆ ಒಬ್ಬನೇ ಹೋಗಲಿಕ್ಕೆ ಆಗಲ್ಲ.

ಆಪ್ತಮಿತ್ರದ ಅರಮನೆ ಹಾಗಿತ್ತು. ಮೆಟ್ಟಿಲು ಎಲ್ಲಿ, ಬೀಗದ ಕೋಣೆ ಎಲ್ಲಿ, ಗಂಗಾ ಮಲಗುವ ಕೋಣೆಯಿಂದ ಅದು ಎಷ್ಟು ದೂರ, ಎಲ್ಲ ನಮಗೆ ಗೊತ್ತಾಗಿಬಿಡುತ್ತದೆ. ರಾತ್ರಿ ಗೆಜ್ಜೆ ಸದ್ದು ಬಂದರೆ ಯಾವ ದಿಕ್ಕಿನಿಂದ ಬಂತು ಅಂತ ಕುರ್ಚಿಯಲ್ಲಿ ಕೂತೇ ಹೇಳಬಹುದು. ಚಂದ್ರಮುಖಿ 2ರಲ್ಲಿ ಅರಮನೆ ಬಹಳ ದೊಡ್ಡದು, ಬಹಳ ಹೊಳಪು, ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆ ಅಂತ ಕೊನೆತನಕ ತಿಳಿಯಲ್ಲ. ಮದುವೆ ಹಾಲ್‌ನಲ್ಲಿ ದೆವ್ವ ಹುಡುಕಿದ ಹಾಗೆ.

ಪರದೆ ಹಿಂದೆ, ಗದಗ

ನಾನು ಕಂಪನಿ ನಾಟಕಗಳಲ್ಲಿ ಲೈಟು ಸೀನರಿ ನೋಡಿಕೊಂಡವನು. ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ಕೆಲಸ ಮಾಡಿದ್ದೇನೆ. ನೀವು ಬೊಂಬೆ ಅಂದಿರಲ್ಲ, ಅದರ ಬಗ್ಗೆ ಹೇಳುತ್ತೇನೆ.

ಆಪ್ತಮಿತ್ರದ ಕ್ಲೈಮ್ಯಾಕ್ಸ್ ಪೂರ್ತಿ ರಂಗದ ಟ್ರಿಕ್. ಹಲಗೆ ಮೇಲೆ ಮನುಷ್ಯನನ್ನು ಮಲಗಿಸುತ್ತಾರೆ. ಹೊಗೆ, ಬೆಂಕಿ, ವಾದ್ಯದ ಅಬ್ಬರ. ನರ್ತಕಿಯ ಕಣ್ಣು ಒಂದು ಗಳಿಗೆ ಮಸುಕಾಗಬೇಕು. ಅಷ್ಟರಲ್ಲಿ ಹಲಗೆ ಮಗುಚಿಕೊಳ್ಳುತ್ತದೆ, ಮನುಷ್ಯನ ಜಾಗಕ್ಕೆ ಬೊಂಬೆ ಬರುತ್ತದೆ, ಆಕೆಯ ಸೇಡು ಬೊಂಬೆ ಮೇಲೆ ತೀರುತ್ತದೆ. ಇದರ ಚೆಂದ ಎಲ್ಲಿದೆ ಅಂದರೆ, ಟ್ರಿಕ್ ನೋಡುಗರಿಗೆ ಗೊತ್ತು, ಆಕೆಗೆ ಗೊತ್ತಿಲ್ಲ. ಹಲಗೆ ಸಿಕ್ಕಿಕೊಂಡರೆ ಏನು ಗತಿ ಅಂತ ನಾವು ಉಸಿರು ಹಿಡಿದು ಕೂತಿರುತ್ತೇವೆ. ಸೀನರಿ ಎಳೆದವನಿಗೆ ಆ ಹೆದರಿಕೆ ಚೆನ್ನಾಗಿ ಗೊತ್ತು. ಹಗ್ಗ ಸಿಕ್ಕಿಕೊಂಡ ರಾತ್ರಿಗಳು ನಮ್ಮಲ್ಲೂ ಇವೆ.

ಚಂದ್ರಮುಖಿ 2ರಲ್ಲಿ ಕತ್ತಿ ಹೀಗೆ ಹೋಗುತ್ತದೆ, ಹಾಗೆ ಬರುತ್ತದೆ, ಎಲ್ಲ ಕಂಪ್ಯೂಟರ್‌ನಲ್ಲಿ. ಏನೂ ಸಿಕ್ಕಿಕೊಳ್ಳುವ ಹಾಗಿಲ್ಲ. ಹಾಗಾಗಿ ನೋಡುವವನಿಗೂ ಚಿಂತೆ ಇಲ್ಲ.

ಕಾಮಿಡಿ ಬಗ್ಗೆಯೂ ಒಂದು ಮಾತು. ಕಂಪನಿ ನಾಟಕದಲ್ಲಿ ಹಾಸ್ಯದವನು ಜಗಳದ ಸೀನ್ ಮುಗಿದ ಮೇಲೆ ಬರುತ್ತಾನೆ. ಆದರೆ ಅವನೂ ಅದೇ ಮನೆಯ ಆಳು ಆಗಿರಬೇಕು, ಅದೇ ಸಾಲ, ಅದೇ ಗೌಡನ ಕಾಟ ಅವನಿಗೂ ಇರಬೇಕು. ಆಪ್ತಮಿತ್ರದಲ್ಲಿ ದ್ವಾರಕೀಶ್ ಹೆದರುವುದು ನಮ್ಮ ಹೆದರಿಕೆಯೇ. ಅವರು ನಡುಗಿದರೆ ನಾವು ನಗುತ್ತೇವೆ, ನಗುತ್ತಲೇ ಆ ಕತ್ತಲೆ ಕಡೆ ಹೋಗಿಬಿಡುತ್ತೇವೆ. ಪಾಪ, ಈಗ ಅವರೂ ಇಲ್ಲ. ಚಂದ್ರಮುಖಿ 2ರ ಕಾಮಿಡಿ ಪಕ್ಕದ ಡೇರೆಯ ನಾಟಕದಿಂದ ದಾರಿ ತಪ್ಪಿ ಬಂದಿದ್ದು.

ಲಾಸ್ಟ್ ಬಸ್, ರಾಣೆಬೆನ್ನೂರು

ಪಿ. ವಾಸು ಒಬ್ಬರನ್ನೇ ಬೈಯಬೇಡಿ. ಮೋಹನ್‌ಲಾಲ್ ಮಣಿಚಿತ್ರತಾಳುವಿನ ಅದೇ ಡಾಕ್ಟರ್ ಸನ್ನಿ ಪಾತ್ರಕ್ಕೆ 2013ರಲ್ಲಿ ಗೀತಾಂಜಲಿಯಲ್ಲಿ ಮರಳಿದರು, ಪ್ರಿಯದರ್ಶನ್ ನಿರ್ದೇಶನ. ಡಾಕ್ಟರ್ ಇದ್ದರೂ ಓಡಲಿಲ್ಲ. ಹಾಲಿವುಡ್‌ನವರದೂ ಇದೇ ಗೋಳು. 1982ರ ಪೋಲ್ಟರ್‌ಗೈಸ್ಟ್ ಸಾಮಾನ್ಯ ಬಡಾವಣೆಯ ಮನೆಯಲ್ಲಿ ನಡೆಯುತ್ತದೆ, ಅದಕ್ಕೇ ಹೆದರಿಸಿತು. 1988ರ ಮೂರನೇ ಭಾಗದಲ್ಲಿ ಕಥೆಯನ್ನು ಶಿಕಾಗೋದ ಮುಗಿಲೆತ್ತರದ ಕಟ್ಟಡಕ್ಕೆ ಒಯ್ದರು. ಕನ್ನಡಿ ಇಟ್ಟು ಕ್ಯಾಮೆರಾದಲ್ಲೇ ಮಾಡಿದ ಟ್ರಿಕ್‌ಗಳು ಭಾರಿ ಇವೆ, ಪರದೆ ಹಿಂದೆ ಅವರು ನೋಡಲೇಬೇಕು. ಸಿನಿಮಾ ಮಾತ್ರ ಮಲಗಿತು.

ಸಾಹಸಸಿಂಹ ಭಕ್ತ, ಗದಗ

ಪರದೆ ಹಿಂದೆ ಅವರೇ, ನಮ್ಮ ಊರವರು ಅಂತ ಗೊತ್ತೇ ಇರಲಿಲ್ಲ. ಒಂದಿನ ಸಿಗೋಣ.

ಸಪ್ತಾಪುರ ಸರ್, ನಿಮ್ಮ ನಾಗವಲ್ಲಿ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆಪ್ತರಕ್ಷಕವನ್ನು ಇವತ್ತಿಗೂ ಟಿವಿಯಲ್ಲಿ ಬಂದರೆ ಎದ್ದು ಹೋಗದೆ ನೋಡುತ್ತೇನೆ.

ಸಪ್ತಾಪುರ, ಧಾರವಾಡ

ನಾನೂ ನೋಡುತ್ತೇನೆ ಭಕ್ತರೇ. ಕಥೆ ಗಟ್ಟಿ ಇಲ್ಲ ಅಂದೆ, ಅವರು ಗಟ್ಟಿ ಇಲ್ಲ ಅನ್ನಲಿಲ್ಲ.

ಗಿರ್ಮಿಟ್ ಗೆಳೆಯ, ಹುಬ್ಬಳ್ಳಿ

ಈ ಚರ್ಚೆ ಓದಿ ನನ್ನ ಹೆಂಡತಿ ಇವತ್ತು ರಾತ್ರಿ ಚಂದ್ರಮುಖಿ 2 ಹಾಕು ಅನ್ನುತ್ತಿದ್ದಾಳೆ. ಎರಡನೇ ಸಲ ನನ್ನಿಂದ ಆಗಲ್ಲ. ಏನಾದರೂ ಉಪಾಯ ಹೇಳಿ.

ರಾತ್ರಿ ಪಾಳಿ, ಧಾರವಾಡ

ಕೀರವಾಣಿ ಅವರ ಸ್ವಾಗತಾಂಜಲಿ ಹಾಡು ಹಾಕಿ ತೋರಿಸಿ, ಅದು ಚೆನ್ನಾಗಿದೆ. ಮುಗಿದ ಕೂಡಲೇ ಮಣಿಚಿತ್ರತಾಳು ಹಚ್ಚಿಬಿಡಿ. ಮಲಯಾಳಂ ಬರಲ್ಲ ಅಂದರೆ ಆಪ್ತಮಿತ್ರ ಇದ್ದೇ ಇದೆ.